ನೋಡ್ ಸಿಕ್ಕಿತು, ಕೆಲಸ ಹಂಚಿತೇ?

ಒಡೆಯರಪಾಳ್ಯ, ಹನೂರು ಕಡೆಯಿಂದ ಬೆಂಗಳೂರಿಗೆ ಓದಲು ಹೋಗಿ ಈಗ ಕ್ಲಸ್ಟರ್ ಮೇಲೆ ಲೆಕ್ಕ ಓಡಿಸುತ್ತಿರುವ ನಮ್ಮ ಮಕ್ಕಳಿಗೆ ಒಂದು ಮಾತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ 3.3 ಪೆಟಾಫ್ಲಾಪ್ಸ್‌ನ ‘ಪರಮ್ ಪ್ರವೇಗ’ವೇ ಇರಲಿ, ನಿಮ್ಮ ಕಾಲೇಜಿನ ಪುಟ್ಟ ಕ್ಲಸ್ಟರೇ ಇರಲಿ, ನೋಡ್ ಕೇಳಿ ಪಡೆದ ಮಾತ್ರಕ್ಕೆ ಕೆಲಸ ತಾನಾಗಿ ಹಂಚಿಹೋಗುವುದಿಲ್ಲ.

ಕ್ಲಸ್ಟರ್‌ನ ಸರದಿ ನೋಡಿಕೊಳ್ಳುವ ತಂತ್ರಾಂಶವಾದ ಸ್ಲರ್ಮ್‌ಗೆ ನಾಲ್ಕು ನೋಡ್ ಬೇಕೆಂದು ಬರೆದರೆ ನಾಲ್ಕನ್ನೂ ಕೊಡುತ್ತದೆ. ಆದರೆ ನಿಮ್ಮ ಸ್ಕ್ರಿಪ್ಟ್ ಓಡುವುದು ಮೊದಲನೆಯದರಲ್ಲಿ ಮಾತ್ರ. ಒಳಗಿನ ಕೆಲಸವನ್ನು ‘ಎಸ್‌ರನ್’ ಅಥವಾ ಎಂಪಿಐ ಮೂಲಕ ಹೊರಡಿಸದಿದ್ದರೆ ಉಳಿದ ಮೂರು ಸುಮ್ಮನೆ ಕೂತಿರುತ್ತವೆ. ನಾಲ್ಕು ಗಾಡಿ ಗೊತ್ತುಮಾಡಿ ಜೋಳವನ್ನೆಲ್ಲ ಒಂದಕ್ಕೇ ತುಂಬಿದ ಹಾಗೆ. ಅತ್ತ ಇನ್ನೊಬ್ಬ ವಿದ್ಯಾರ್ಥಿ ಅದೇ ನೋಡ್‌ಗಾಗಿ ಸರದಿಯಲ್ಲಿ ಕಾಯುತ್ತಿರುತ್ತಾನೆ. ಇದು ನನಗೆ ನಿಜಕ್ಕೂ ನೋವು ತರುವ ಸಂಗತಿ. ಅನುಮಾನ ಬಂದರೆ ಸ್ಕ್ರಿಪ್ಟ್‌ನಲ್ಲಿ ‘ಎಸ್‌ರನ್ ಹೋಸ್ಟ್‌ನೇಮ್’ ಎಂದು ಹಾಕಿ ನೋಡಿ. ನಾಲ್ಕು ಬೇರೆ ಬೇರೆ ಹೆಸರು ಬರಬೇಕು. ಹಲವು ಆದೇಶಗಳನ್ನು ಒಟ್ಟಿಗೆ ಓಡಿಸುವ ಗ್ನೂ ಪ್ಯಾರಲಲ್ ಕೂಡ ಅಷ್ಟೇ, ನೀವಾಗಿ ಹೇಳದೆ ತಾನಿರುವ ನೋಡ್ ಬಿಟ್ಟು ಆಚೆ ಹೋಗದು.

ಒಂದಕ್ಕೊಂದು ಸಂಬಂಧವಿಲ್ಲದ ನೂರಾರು ಫೈಲುಗಳಿದ್ದರೆ ಇಷ್ಟೆಲ್ಲ ಬೇಡ, ‘ಜಾಬ್ ಅರೇ’ ಬಳಸಿ. ಜಾಗ ಬಿಡುವಾದಂತೆ ಒಂದೊಂದೇ ತುಣುಕು ಒಳಗೆ ಹೋಗುತ್ತದೆ. ಮೊದಲು ಒಂದೇ ಫೈಲ್ ಓಡಿಸಿ, ಎಷ್ಟು ಮೆಮೊರಿ, ಎಷ್ಟು ಹೊತ್ತು ಹಿಡಿಯಿತೆಂದು ‘ಎಸ್‌ಆಕ್ಟ್’ (sacct) ಆದೇಶದಲ್ಲಿ ನೋಡಿ, ಅದಕ್ಕೆ ತುಸು ಸೇರಿಸಿ ಕೇಳಿ. ಕಡಿಮೆ ಹೊತ್ತು ಕೇಳಿದ ಕೆಲಸ, ದೊಡ್ಡ ಕೆಲಸಗಳ ನಡುವಿನ ಸಂದಿಯಲ್ಲಿ ಎಷ್ಟೋ ಸಲ ಬೇಗ ನುಸುಳುತ್ತದೆ.