ಕೊಟ್ಟಿಗೆಯ ನೆಲ: ಬಿರುಕಿನ ವಯಸ್ಸು ತಿಳಿದು ದುರಸ್ತಿ ಮಾಡಿ



ಕೊಟ್ಟಿಗೆಯ ಕಾಂಕ್ರೀಟ್ ನೆಲ ಬಿರುಕು ಬಿಟ್ಟರೆ ಸಿಮೆಂಟು ಕಲಸಿ ಮೇಲೆ ಸವರುವವರೇ ಹೆಚ್ಚು. ಆ ತೇಪೆ ಬೇಗನೆ ಕಿತ್ತುಬರುತ್ತದೆ. ಬಿರುಕಿನೊಳಗೆ ಗಂಜಲ, ಸಗಣಿ ನಿಂತು ರೋಗಾಣು ಬೆಳೆಯುತ್ತವೆ. ಹಾಲು ಕರೆದ ನಂತರ ಸುಮಾರು ಅರ್ಧ ಗಂಟೆ ಮೊಲೆತೊಟ್ಟಿನ ರಂಧ್ರ ಪೂರ್ತಿ ಮುಚ್ಚಿರುವುದಿಲ್ಲ. ಆಗ ಹಸು ಅಂಥ ನೆಲದ ಮೇಲೆ ಮಲಗಿದರೆ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಒಡೆದ ಅಂಚು ತಗುಲಿ ಗೊರಸಿಗೂ ಗಾಯವಾಗುತ್ತದೆ. ಬಿರುಕು ಯಾವಾಗ ಬಂತೆಂದು ತಿಳಿದರೆ ಅದರ ಕಾರಣವೂ ಪರಿಹಾರವೂ ತಿಳಿಯುತ್ತವೆ.

1. ಮೊದಲ ದಿನದ ಬಿರುಕು: ಬಿಸಿಲು, ಗಾಳಿಗೆ ಮೇಲಿನ ನೀರು ಬೇಗ ಆರಿದರೆ, ಕಾಂಕ್ರೀಟು ಗಟ್ಟಿಯಾಗುವ ಮೊದಲೇ ಮೇಲ್ಮೈ ಸೀಳುತ್ತದೆ. ಹಾಕಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ. ಗಟ್ಟಿಯಾದ ಮೇಲೆ ಒದ್ದೆ ಗೋಣಿಚೀಲ ಹಾಸಿ, ಕನಿಷ್ಠ 10 ದಿನ ನೀರುಣಿಸಿ. ಹೊಸ ಕಾಂಕ್ರೀಟಿನಲ್ಲಿ ನೀರಿನೊಂದಿಗೆ ಇನ್ನೂ ಕೂಡದ ಸಿಮೆಂಟಿನ ಕಣಗಳಿರುತ್ತವೆ. ಆದ್ದರಿಂದ ಕೂದಲೆಳೆಯಷ್ಟು ಸಣ್ಣ ಬಿರುಕು ತಾನಾಗಿಯೇ ಬೆಸೆದುಕೊಳ್ಳುವುದುಂಟು. ನೆಲ ಹಳೆಯದಾದಂತೆ ಈ ಗುಣ ಕುಗ್ಗುತ್ತದೆ.

2. ಮೊದಲ ತಿಂಗಳುಗಳ ಬಿರುಕು: ಒಣಗುತ್ತಾ ಕಾಂಕ್ರೀಟು ಕುಗ್ಗುತ್ತದೆ. ಕಲಸುವಾಗ ನೀರು ಹೆಚ್ಚಾದಷ್ಟೂ ಕುಗ್ಗುವುದು ಹೆಚ್ಚು. ಹಸಿ ಕೋಲು ಬಾಗುತ್ತದೆ, ಒಣಗಿದ ಕೋಲು ಮುರಿಯುತ್ತದೆ. ಹಾಗೆಯೇ ಕಾಂಕ್ರೀಟು ಬಲಿತಂತೆ ಅದರ ಬಲ ಹೆಚ್ಚುತ್ತದೆ, ಎಳೆತ ತಾಳಿಕೊಂಡು ಹೊಂದಿಕೊಳ್ಳುವ ಗುಣ ಕಡಿಮೆಯಾಗುತ್ತದೆ. 4 ಇಂಚು ದಪ್ಪದ ನೆಲಕ್ಕೆ 8ರಿಂದ 10 ಅಡಿಗೊಂದರಂತೆ 1 ಇಂಚು ಆಳದ ಗೀರು ಬಿಡಲು ಮೇಸ್ತ್ರಿಗೆ ಹೇಳಿ. ಬಿರುಕು ಆ ಗೀರಿನಲ್ಲೇ ಬರುತ್ತದೆ. ನಂತರ ಗೀರಿಗೆ ಡಾಂಬರು ತುಂಬಿಸಿ.

3. ವರ್ಷಗಳ ನಂತರದ ಬಿರುಕು: ಅಡಿಯ ಮಣ್ಣು ಕುಸಿದಿರಬಹುದು, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿರಬಹುದು. ಹುಳಿ ಹಾಲು, ರಸಮೇವಿನ ಹುಳಿ ನೀರು ಸಿಮೆಂಟನ್ನು ಕರಗಿಸುತ್ತವೆ. ಎಳೆಯ ಕಾಂಕ್ರೀಟಿನ ಬಿರುಕು ಜಲ್ಲಿಕಲ್ಲನ್ನು ಬಳಸಿಕೊಂಡು ಸಾಗುತ್ತದೆ. ಬಲಿತ ಕಾಂಕ್ರೀಟಿನಲ್ಲಿ ಜಲ್ಲಿಯನ್ನೇ ಸೀಳಿರುವುದುಂಟು. ಉಳಿಯಿಂದ ಕೆತ್ತಿದಾಗ ಇದನ್ನು ಗಮನಿಸಿ.

ದುರಸ್ತಿಯ ಕ್ರಮ

ಬಿರುಕಿನ ಎರಡೂ ತುದಿಗೆ ಬಣ್ಣದ ಗುರುತು ಹಾಕಿ, ದಿನಾಂಕ ಬರೆದಿಡಿ. ಒಂದೆರಡು ತಿಂಗಳಲ್ಲಿ ಬಿರುಕು ಗುರುತು ದಾಟಿದರೆ ಅಥವಾ ಒಂದು ಬದಿ ತಗ್ಗಾದರೆ ತೇಪೆ ನಿಲ್ಲದು. ಆ ಭಾಗ ಒಡೆದು, ಅಡಿಪಾಯ ದಮ್ಮಸ್ಸು ಮಾಡಿ ಹೊಸದಾಗಿ ಹಾಕಿಸಿ. ಬೆಳೆಯದ ಬಿರುಕನ್ನು ಸುಮಾರು 1 ಇಂಚು ಆಳಕ್ಕೆ ಕೆತ್ತಿ, ತೊಳೆದು, ಒದ್ದೆ ಮಾಡಿ, 1 ಪಾಲು ಸಿಮೆಂಟು 3 ಪಾಲು ಮರಳಿನ ಗಾರೆ ಒತ್ತಿ ತುಂಬಿ. ಮೇಲ್ಮೈ ನುಣುಪು ಮಾಡಬೇಡಿ, ಹಸು ಜಾರುತ್ತದೆ. ಹಸಿ ಸಿಮೆಂಟು ಚರ್ಮ, ಗೊರಸನ್ನು ಸುಡುವುದರಿಂದ ನೀರುಣಿಸುವಷ್ಟು ದಿನವೂ ರಾಸುಗಳನ್ನು ಬೇರೆಡೆ ಕಟ್ಟಿ.

ಅಲ್ಲಿಯವರೆಗೆ ಹಾಲು ಕರೆದ ಕೂಡಲೇ ಹಸುವಿನ ಮುಂದೆ ಮೇವು ಹಾಕಿ. ಅರ್ಧ ಗಂಟೆ ನಿಂತು ಮೇಯಲಿ, ಕೆಚ್ಚಲು ಉಳಿಯುತ್ತದೆ.