ಭಾರ ಕೂರುವ ಜಾಗ

'ಟ್ರಾವೆಲ್ ಟ್ರೇಲರ್ ಮಾರಿ ಫಿಫ್ತ್ ವೀಲ್ ತಗೊಳ್ಳೋಣ ಅಂತಿದ್ದೀವಿ, ಏನಂತೀರಿ?' ಬೇಸಿಗೆ ಹತ್ತಿರವಾದರೆ ಸಾಕು, ಡೆನ್ವರ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ನಾನು ಹೇಳುವ ಮೊದಲ ಮಾತು ಒಂದೇ: ನಿಮ್ಮ ಟ್ರಕ್ಕಿನ ಡ್ರೈವರ್ ಬಾಗಿಲು ತೆಗೆದು, ಅದರ ಚೌಕಟ್ಟಿಗೆ ಅಂಟಿಸಿರುವ ಚೀಟಿ ಓದಿಕೊಂಡು ಬನ್ನಿ. ಜನ, ಸಾಮಾನು ಎಲ್ಲ ಸೇರಿ ಇಷ್ಟು ತೂಕ ಮೀರಬಾರದು ಎಂಬ ಒಂದು ಅಂಕಿ ಅದರಲ್ಲಿರುತ್ತದೆ. ಪೇಲೋಡ್ ಅಂದರೆ ಅದು. ಮಿಕ್ಕ ಮಾತೆಲ್ಲ ಆಮೇಲೆ.

ಊರಲ್ಲಿ ಕೂತು ಓದುವವರಿಗೆ ಎರಡು ಮಾತು. ಟ್ರಾವೆಲ್ ಟ್ರೇಲರ್, ಫಿಫ್ತ್ ವೀಲ್ ಎರಡೂ ಗಾಲಿ ಮೇಲಿನ ಮನೆಗಳೇ. ಒಳಗೆ ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಇರುತ್ತದೆ. ಎಂಜಿನ್ ಮಾತ್ರ ಇಲ್ಲ, ಟ್ರಕ್ಕೇ, ಅಂದರೆ ಹಿಂದೆ ತೊಟ್ಟಿಯಿರುವ ಪಿಕಪ್ಪೇ ಎಳೆಯಬೇಕು. ಟ್ರಾವೆಲ್ ಟ್ರೇಲರನ್ನು ಟ್ರಕ್ಕಿನ ಹಿಂಬದಿ ಬಂಪರಿನ ಕೆಳಗೆ ಚಾಚಿಕೊಂಡ ಉಕ್ಕಿನ ಗುಂಡಿಗೆ ಸಿಕ್ಕಿಸುತ್ತಾರೆ. ಫಿಫ್ತ್ ವೀಲಿನ ಮೂತಿ ಟ್ರಕ್ಕಿನ ತೊಟ್ಟಿಯ ಮೇಲೇ ಬಂದು ಕೂರುತ್ತದೆ. ಮೂತಿಯ ಅಡಿಯಲ್ಲಿ 2 ಇಂಚು ದಪ್ಪದ ಕಿಂಗ್‌ಪಿನ್ ಇರುತ್ತದೆ. ತೊಟ್ಟಿಯೊಳಗೆ, ಹಿಂದಿನ ಆಕ್ಸಲ್‌ನ ಮೇಲೆ ಬಿಗಿದ ಹಿಚ್‌ನ ದವಡೆ ಅದನ್ನು ಕಚ್ಚಿ ಹಿಡಿಯುತ್ತದೆ. ಹೆದ್ದಾರಿಯ ದೊಡ್ಡ ಸೆಮಿ ಲಾರಿಗಳಿಗೂ ಇದೇ ಏರ್ಪಾಡು.

ಹಾಸನದ ಕಡೆಯಿಂದ ಬಂದಿದ್ದ ಅಪ್ಪ ನಮ್ಮ ಹಳೆಯ ಟ್ರೇಲರಿನ ಕೊಂಡಿಯ ಬಳಿ ಕುಕ್ಕರಗಾಲಲ್ಲಿ ಕೂತು ನೋಡಿ, 'ಎತ್ತಿನ ಗಾಡಿ ಹೇರೋವಾಗಲೂ ಇದೇ ಲೆಕ್ಕ. ಹಿಂಭಾರ ಆದ್ರೆ ಮೂಕಿ ಏಳುತ್ತೆ, ಮುಂಭಾರ ಆದ್ರೆ ಎತ್ತಿನ ಹೆಗಲು ಹೋಗುತ್ತೆ' ಅಂದರು. ಟ್ರೇಲರ್ ಬದಲಿಸುವ ವಿಚಾರವನ್ನು ಇಷ್ಟು ಚೊಕ್ಕವಾಗಿ ಮತ್ಯಾರೂ ನನಗೆ ಹೇಳಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಿಜವಾಗಿ ಬದಲಾಗುವುದು ಭಾರ ಕೂರುವ ಜಾಗ. ಓಡಿಸುವಾಗಿನ ನೆಮ್ಮದಿ, ಟ್ರಕ್ಕಿನ ಗಾತ್ರ, ಗಾಡಿಯ ಎತ್ತರ, ನೀವು ಹೋಗಬಲ್ಲ ಊರು, ಎಲ್ಲವೂ ಅದರ ಹಿಂದೆ ಬರುತ್ತವೆ.

ಮೊದಲು ನೆಮ್ಮದಿಯ ವಿಚಾರ. ವಯೋಮಿಂಗ್‌ನಲ್ಲಿ ಲ್ಯಾರಮಿಯಿಂದ ರಾಲಿನ್ಸ್‌ವರೆಗಿನ ಐ-80 ಹೆದ್ದಾರಿ ಗಾಳಿಗೆ ಹೆಸರುವಾಸಿ. ಅಲ್ಲಿ ಟ್ರಾವೆಲ್ ಟ್ರೇಲರ್ ಎಳೆದವರಿಗೆ ಗೊತ್ತು: ಪಕ್ಕದಲ್ಲಿ ಲಾರಿ ಹಾಯುವಾಗ ಅದು ನೂಕಿಕೊಂಡು ಬರುವ ಗಾಳಿ ಮೊದಲು ಟ್ರೇಲರಿನ ಬೆನ್ನನ್ನು ಆಚೆ ತಳ್ಳುತ್ತದೆ, ಮರುಕ್ಷಣವೇ ಲಾರಿಯ ಕಡೆಗೆ ಸೆಳೆಯುತ್ತದೆ. ಕೊಂಡಿಯ ಗುಂಡು ಟ್ರಕ್ಕಿನ ಹಿಂದಿನ ಆಕ್ಸಲ್‌ನಿಂದ ಕೆಲವು ಅಡಿ ಹಿಂದಿರುವುದರಿಂದ ಆ ತಳ್ಳಾಟ ಸನ್ನೆಕೋಲಿನಂತೆ ಟ್ರಕ್ಕಿನ ಹಿಂಭಾಗವನ್ನೇ ತಿರುಗಿಸಲು ನೋಡುತ್ತದೆ. ಸ್ಟಿಯರಿಂಗ್ ಹಿಡಿದ ಕೈಗೆ ಅದು ತಿಳಿಯುತ್ತದೆ, ಹಿಂದಿನ ಸೀಟಿನಲ್ಲಿ ಕೂತವರ ಹೊಟ್ಟೆಗೂ ತಿಳಿಯುತ್ತದೆ. ಅಮ್ಮ ಆ ದಾರಿಯುದ್ದಕ್ಕೂ ಮುಂದಿನ ಸೀಟಿನ ಬೆನ್ನು ಹಿಡಿದೇ ಕೂತಿದ್ದರು. ಭಾರವನ್ನು ಹಂಚುವ ಒಳ್ಳೆಯ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಇದ್ದು, ಟ್ರೇಲರಿನ ತೂಕದ ಶೇಕಡಾ 10ರಿಂದ 15 ಭಾಗ ಗುಂಡಿನ ಮೇಲೆ ಬೀಳುವಂತೆ ಸಾಮಾನು ಜೋಡಿಸಿದರೆ ಓಲಾಟ ಬಹಳ ಮಟ್ಟಿಗೆ ತಗ್ಗುತ್ತದೆ. ಆದರೆ ಕೊಂಡಿ ಹಿಂದೆಯೇ ಇರುವವರೆಗೆ ಅದರ ಬೇರು ಹೋಗುವುದಿಲ್ಲ.

ಫಿಫ್ತ್ ವೀಲ್‌ನಲ್ಲಿ ಆ ಸನ್ನೆಕೋಲೇ ಇಲ್ಲ. ಪಿನ್ ಆಕ್ಸಲ್‌ನ ಮೇಲೋ ಅದಕ್ಕಿಂತ ತುಸು ಮುಂದೋ ಇರುತ್ತದೆ. ಹಾಗಾಗಿ ಹಿಂದಿನ ಮನೆಗೆ ಗಾಳಿ ಬಡಿದರೂ ಟ್ರಕ್ಕಿನ ದಿಕ್ಕು ಕದಲುವುದಿಲ್ಲ. ಮೊದಲ ಸಲ ಹೆದ್ದಾರಿಗೆ ತಂದಾಗಲೇ ವ್ಯತ್ಯಾಸ ಸ್ಪಷ್ಟವಾಗಿತ್ತು. ಹಾಗೆಂದು ಗಾಳಿಯನ್ನು ಲೆಕ್ಕಕ್ಕೆ ಇಡದಿರುವಂತಿಲ್ಲ. ಫಿಫ್ತ್ ವೀಲ್ ಓಲಾಡದಿದ್ದರೂ ಎತ್ತರದ ಗೋಡೆಯ ಗಾಡಿ. ಅಡ್ಡಗಾಳಿ ಜೋರಾದರೆ ಮಗುಚುವ ಅಪಾಯ ಅದಕ್ಕೂ ಇದೆ. ಎತ್ತರದ ಹಗುರ ಗಾಡಿಗಳಿಗೆ ರಸ್ತೆ ಬಂದ್ ಎಂದು ಬೋರ್ಡು ಹೊಳೆದರೆ ಮುಂದಿನ ಊರಿನಲ್ಲಿ ನಿಲ್ಲಿಸಿ, ಅನ್ನ ಸಾರು ಮಾಡಿ ಉಂಡು ಮಲಗುವುದೇ ಸರಿ.

ಈಗ ಲೆಕ್ಕ. ನಮ್ಮ ಮೊದಲಿನ ಹಾಫ್ ಟನ್ ಟ್ರಕ್ಕಿನ (ಇಲ್ಲಿ ಟನ್ ಎಂಬುದು ವರ್ಗದ ಹೆಸರಷ್ಟೇ, ಹೊರೆಯ ಮಿತಿಯಲ್ಲ) ಪೇಲೋಡ್ 1,650 ಪೌಂಡ್. ಸಾಮಾನು ತುಂಬಿದ ಟ್ರಾವೆಲ್ ಟ್ರೇಲರ್ 7,000 ಪೌಂಡ್ ತೂಗುತ್ತಿತ್ತು. ಅದರ ಶೇಕಡಾ 13 ಅಂದರೆ 910 ಪೌಂಡ್ ಗುಂಡಿನ ಮೇಲೆ. ಹಿಚ್ 100. ನಾವಿಬ್ಬರು, ಅಪ್ಪ, ಅಮ್ಮ ಸೇರಿ 600. ಒಟ್ಟು 1,610. ಅಲ್ಲಿಗಲ್ಲಿಗೆ ಸರಿಹೋಯಿತು.

ಫಿಫ್ತ್ ವೀಲ್ ತನ್ನ ತೂಕದ ಸುಮಾರು ಶೇಕಡಾ 20ರಷ್ಟನ್ನು ಪಿನ್ನಿನ ಮೂಲಕ ಟ್ರಕ್ಕಿನ ಮೇಲೆ ಹೇರುತ್ತದೆ. ನಾವು ಮೆಚ್ಚಿದ ಗಾಡಿ ತುಂಬಿದಾಗ 12,000 ಪೌಂಡ್. ಅಂದರೆ ಪಿನ್ನಿನ ಮೇಲೆ 2,400. ಹಿಚ್‌ಗೆ 200, ನಾಲ್ವರಿಗೆ 600, ಉಪಕರಣ, ಸೌದೆ ಅಂತ ಇನ್ನೊಂದು 200. ಒಟ್ಟು 3,400 ಪೌಂಡ್, ಸುಮಾರು ಒಂದೂವರೆ ಟನ್. ಹಳೆಯ ಟ್ರಕ್ಕು ಹೊರಬಲ್ಲದ್ದರ ಎರಡರಷ್ಟು. ಆದರೂ ಮಾರಾಟದ ಅಂಗಳದಲ್ಲಿ ಒಬ್ಬರು, 'ನಿಮ್ಮ ಟ್ರಕ್ಕಿಗೆ ಎಳೆಯೋ ಶಕ್ತಿ ಇದೆ, ಯೋಚನೆ ಬೇಡ' ಅಂದರು. ಎಳೆಯುವುದು ಎಂಜಿನ್ನಿನ ಕೆಲಸ, ಹೊರುವುದು ಸ್ಪ್ರಿಂಗು, ಆಕ್ಸಲ್, ಟಯರುಗಳ ಕೆಲಸ. ಎಳೆಯುವ ಮಿತಿ, ಅಂದರೆ ಟೋ ರೇಟಿಂಗ್, ಎಷ್ಟೇ ದೊಡ್ಡದಿರಲಿ, ಹೊರೆಯ ಮಿತಿ ಮೊದಲು ಮುಗಿದುಹೋಗುತ್ತದೆ. ಫಿಫ್ತ್ ವೀಲ್‌ನಲ್ಲಂತೂ ಬಹುಪಾಲು ಹೀಗೇ ಆಗುತ್ತದೆ.

ಮುಕ್ಕಾಲು ಟನ್ನಿನ ಡೀಸೆಲ್ ಟ್ರಕ್ಕು ತಗೊಂಡರೆ ಸಾಕಲ್ಲವೇ ಎಂದು ಅನೇಕರು ಕೇಳುತ್ತಾರೆ. ಆ ವರ್ಗದ ಬಹಳಷ್ಟು ಟ್ರಕ್ಕುಗಳ ಒಟ್ಟು ತೂಕಕ್ಕೆ 10,000 ಪೌಂಡಿನ ಮಿತಿ ಇರುತ್ತದೆ. ಭಾರದ ಡೀಸೆಲ್ ಎಂಜಿನ್ ಸೇರಿ ಟ್ರಕ್ಕಿನ ಸ್ವಂತ ತೂಕಕ್ಕೇ ಅದರಲ್ಲಿ ದೊಡ್ಡ ಪಾಲು ಹೋಗಿ, ಹೊರಲು ಎರಡು, ಎರಡೂವರೆ ಸಾವಿರ ಪೌಂಡ್ ಉಳಿದರೆ ಹೆಚ್ಚು. ನಮ್ಮ ಲೆಕ್ಕಕ್ಕೆ ಒಂದು ಟನ್ನಿನ ಟ್ರಕ್ಕೇ ಬೇಕಾಯಿತು. ಆದ್ದರಿಂದ ಹೊಸ ಮನೆಯ ಬೆಲೆ ನೋಡುವಾಗ ಹೊಸ ಟ್ರಕ್ಕಿನ ಬೆಲೆಯನ್ನೂ ಕೂಡಿಸಿಯೇ ನೋಡಬೇಕು.

ಇನ್ನೊಂದು ಎಚ್ಚರ: ಬ್ರೋಷರಿನಲ್ಲಿ ಅಚ್ಚಾಗಿರುವ ತೂಕ ಖಾಲಿ ಗಾಡಿಯದ್ದು. ಒಂದು ಗ್ಯಾಲನ್ ನೀರು 8.3 ಪೌಂಡ್, 60 ಗ್ಯಾಲನ್ ಟ್ಯಾಂಕ್ ತುಂಬಿದರೆ ಅಲ್ಲೇ 500 ಪೌಂಡ್. ಅಂದಾಜಿಗೆ ಬಿಡದೆ ತೂಗಿಸಿಯೇ ನೋಡಿ. ಹೆದ್ದಾರಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆ ಇರುತ್ತದೆ. ಟ್ರಕ್ಕಿನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರಿನ ಆಕ್ಸಲ್‌ಗಳು ಬೇರೆ ಬೇರೆ ಹಾಸಿನ ಮೇಲೆ ನಿಲ್ಲುತ್ತವೆ, ಮೂರರ ತೂಕವೂ ಚೀಟಿಯಲ್ಲಿ ಬರುತ್ತದೆ. ಒಮ್ಮೆ ಟ್ರೇಲರ್ ಕಟ್ಟಿಕೊಂಡು, ಒಮ್ಮೆ ಬರೀ ಟ್ರಕ್ಕಿನಲ್ಲಿ ಹೋಗಿ ತೂಗಿಸಿ. ಟ್ರಕ್ಕಿನ ಆಕ್ಸಲ್‌ಗಳ ಮೇಲೆ ಹೆಚ್ಚಾದ ತೂಕವೇ ನಿಮ್ಮ ನಿಜವಾದ ಪಿನ್ ವೆಯ್ಟ್. ಕೆಲವೇ ಡಾಲರಿನ ಈ ಚೀಟಿ ಯಾವ ಮಾರಾಟಗಾರನ ಭರವಸೆಗಿಂತಲೂ ದೊಡ್ಡದು.

ಇನ್ನು ಜೋಡಿಸುವ ಕೆಲಸ. ತೊಟ್ಟಿಯ ಹಿಂಬಾಗಿಲು ಇಳಿಸಿ, ನಿಧಾನವಾಗಿ ರಿವರ್ಸ್ ಬರಬೇಕು. ಟ್ರೇಲರಿನ ಪಿನ್ ತಟ್ಟೆ ಹಿಚ್ ತಟ್ಟೆಗಿಂತ ಕೂದಲೆಳೆಯಷ್ಟು ಕೆಳಗಿರಬೇಕು. ಟ್ರಕ್ಕು ಒಳಸರಿದಂತೆ ಟ್ರೇಲರಿನ ಮೂತಿ ತುಸು ಎದ್ದು ಜಾರಿ ಕೂರಬೇಕು. ಪಿನ್ ಎತ್ತರದಲ್ಲಿದ್ದರೆ ದವಡೆಯ ಮೇಲೇ ಕೂತು, ಕಚ್ಚಿದಂತೆ ಕಾಣುತ್ತದೆ. ಹಾಗೆ ಹೊರಟರೆ ಮೊದಲ ಏರಿನಲ್ಲೇ ಇಡೀ ಮನೆ ಕಳಚಿ ತೊಟ್ಟಿಯ ಅಂಚಿನ ಮೇಲೆ ಬೀಳುತ್ತದೆ. ಹಾಗಾಗಿ 'ಕಟಕ್' ಎಂಬ ಸದ್ದನ್ನಷ್ಟೇ ನಂಬುವಂತಿಲ್ಲ. ಹಗಲಾದರೂ ಟಾರ್ಚ್ ಹಿಡಿದು ಬಗ್ಗಿ ನೋಡುತ್ತೇನೆ: ಎರಡು ತಟ್ಟೆಗಳ ನಡುವೆ ಬೆಳಕು ಕಾಣಬಾರದು, ದವಡೆ ಪಿನ್ನಿನ ಕುತ್ತಿಗೆಯನ್ನು ಸುತ್ತುವರಿದಿರಬೇಕು. ಹಿಡಿಗೆ ಬೀಗದ ಕೀಲು ಹಾಕಿ, ವಿದ್ಯುತ್ ತಂತಿ ಮತ್ತು ಗಾಡಿ ಕಳಚಿದರೆ ಅದರ ಬ್ರೇಕ್ ಹಾಕುವ ಬ್ರೇಕ್‌ಅವೇ ಕೇಬಲ್ ಸಿಕ್ಕಿಸಿ, ಟ್ರೇಲರಿನ ಮುಂದಿನ ಕಾಲುಗಳನ್ನು ನೆಲದಿಂದ ಒಂದೆರಡು ಇಂಚು ಮಾತ್ರ ಎತ್ತುತ್ತೇವೆ. ಗಾಲಿಗಳಿಗೆ ಕೊಟ್ಟ ಅಡೆ ತೆಗೆಯುವ ಮುಂಚೆ, ಟ್ರೇಲರ್ ಬ್ರೇಕನ್ನು ಕೈಯಲ್ಲಿ ಒತ್ತಿ ಹಿಡಿದು ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಎಳೆದು ನೋಡುತ್ತೇವೆ. ಕಳಚುವುದಿದ್ದರೆ ಅಲ್ಲೇ, ಕಾಲುಗಳ ಮೇಲೇ ಕಳಚಲಿ. ಈ ಎಳೆದು ನೋಡುವ ಪರೀಕ್ಷೆ ಬಿಟ್ಟು ನಾವು ಎಲ್ಲಿಗೂ ಹೊರಡುವುದಿಲ್ಲ, ಎಷ್ಟೇ ಆತುರವಿರಲಿ.

ರಸ್ತೆಯಲ್ಲಿ ಹಳೆಯ ಅಭ್ಯಾಸ ಎರಡನ್ನು ಬಿಡಬೇಕು. ಮೊದಲನೆಯದು ತಿರುವು. ತಿರುಗುವ ಬಿಂದು ಮುಂದಕ್ಕೆ ಬಂದಿರುವುದರಿಂದ ಫಿಫ್ತ್ ವೀಲಿನ ಗಾಲಿಗಳು ಟ್ರಾವೆಲ್ ಟ್ರೇಲರಿನದಕ್ಕಿಂತ ಒಳಗೆ ಕತ್ತರಿಸಿಕೊಂಡು ಬರುತ್ತವೆ. ಬಲಕ್ಕೆ ತಿರುಗುವಾಗ ಚೌಕದೊಳಕ್ಕೆ ಇನ್ನಷ್ಟು ಮುಂದೆ ಹೋಗಿ ಆಮೇಲೆ ಸ್ಟಿಯರಿಂಗ್ ತಿರುಗಿಸಬೇಕು, ಇಲ್ಲದಿದ್ದರೆ ಮೂಲೆಯ ಕಂಬವೋ ಬೇಲಿಯೋ ಗತಿ.

ಎರಡನೆಯದು ಎತ್ತರ. ಹಳೆಯ ಟ್ರೇಲರ್ 11 ಅಡಿ ಇತ್ತು. ಈಗಿನದು, ನೆತ್ತಿಯ ಎಸಿ ಸೇರಿಸಿ, 13 ಅಡಿ 2 ಇಂಚು. ಟ್ರಕ್ಕಿಗೆ ಕಟ್ಟಿದ ಸ್ಥಿತಿಯಲ್ಲೇ ಅಳೆದು, ಆ ಅಂಕಿಯನ್ನು ಸ್ಟಿಯರಿಂಗ್ ಎದುರಿಗೆ ಅಂಟಿಸಿದ್ದೇವೆ. ನಮ್ಮ ಐ-70ರ ಐಸೆನ್‌ಹೋವರ್ ಸುರಂಗದ ಮಿತಿ 13 ಅಡಿ 11 ಇಂಚು, ಹಾಯಾಗಿ ಹೋಗಬಹುದು. ಆದರೆ ಸಮುದ್ರಮಟ್ಟದಿಂದ 11,000 ಅಡಿಗೂ ಮೇಲಿರುವ ಆ ಸುರಂಗ ದಾಟಿದೊಡನೆ ಉದ್ದನೆಯ ಕಡಿದಾದ ಇಳಿಜಾರು. ಇಳಿಯುವ ಮುಂಚೆಯೇ ಗೇರ್ ತಗ್ಗಿಸಿ, ಎಂಜಿನ್ ಬ್ರೇಕಿನ ಮೇಲೆ ಇಳಿಯಬೇಕು. ನ್ಯೂಜೆರ್ಸಿ, ಕನೆಕ್ಟಿಕಟ್ ಕಡೆಯ ಗೆಳೆಯರಿಗೆ ಇನ್ನೊಂದು ಮಾತು: ನ್ಯೂಯಾರ್ಕ್ ಸುತ್ತಲಿನ ಹಳೆಯ ಪಾರ್ಕ್‌ವೇಗಳು, ಮೆರಿಟ್ ಪಾರ್ಕ್‌ವೇ ಮುಂತಾದವು, ಟ್ರೇಲರುಗಳಿಗೆ ನಿಷಿದ್ಧ, ಅವುಗಳ ಸೇತುವೆಗಳು ತೀರ ತಗ್ಗು. ಫೋನಿನ ಸಾಮಾನ್ಯ ನಕ್ಷೆಗೆ ನಿಮ್ಮ ಎತ್ತರ ಗೊತ್ತಿರುವುದಿಲ್ಲ. ಟ್ರಕ್ಕಿಗೆಂದೇ ಮಾಡಿದ ಜಿಪಿಎಸ್ ಬೇಕೇ ಬೇಕು.

ಇಷ್ಟೆಲ್ಲ ಕಟ್ಟುನಿಟ್ಟಿಗೆ ಸಿಕ್ಕ ಪ್ರತಿಫಲ ಒಳಗಿನ ಬದುಕು. ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮನಿಗೆ ಹೋಟೆಲ್ ಊಟ ಒಗ್ಗುವುದಿಲ್ಲ, ಡೇರೆಯಲ್ಲಿ ಮಲಗಲಾಗುವುದಿಲ್ಲ. ಯೂಟಾದ ಕೆಂಪು ಬಂಡೆಗಳ ನಡುವೆ ಬೆಳಗ್ಗೆ ಎದ್ದು, ಸ್ನಾನ ಮಾಡಿ, ದೀಪ ಹಚ್ಚಿ, ಬಿಸಿ ಉಪ್ಪಿಟ್ಟು ತಿನ್ನುವ ಅನುಕೂಲ ಅವರಿಗೆ ಇದರಿಂದ ಸಿಕ್ಕಿತು. ಟ್ರಾವೆಲ್ ಟ್ರೇಲರಿನಲ್ಲೂ ಅಡುಗೆ ಆಗುತ್ತಿತ್ತು. ಆದರೆ ಅದರ 30 ಆಂಪಿಯರ್ ಸಂಪರ್ಕದಲ್ಲಿ ಸಿಗುವುದು 3,600 ವಾಟ್. ಎಸಿ ಓಡುವಾಗ ಮೈಕ್ರೋವೇವ್ ಹಾಕಿ, ಅದರ ಜೊತೆ ಕೆಟಲ್ ಒತ್ತಿದರೆ ಬ್ರೇಕರ್ ಬೀಳುತ್ತಿತ್ತು. ಈಗಿನದು 50 ಆಂಪಿಯರ್. ಅದರಲ್ಲಿ 120 ವೋಲ್ಟಿನ ಎರಡು ಕವಲುಗಳು ಬರುವುದರಿಂದ ಒಟ್ಟು 12,000 ವಾಟ್, ಮೂರು ಪಟ್ಟಿಗೂ ಹೆಚ್ಚು. ಅಮ್ಮ ಚಟ್ನಿ ರುಬ್ಬುವಾಗ ಎಸಿ ಆರಿಸಬೇಕಿಲ್ಲ.

ಹಿರಿಯರಿದ್ದರೆ ಮೆಟ್ಟಿಲನ್ನು ಮಾತ್ರ ಮರೆಯಬೇಡಿ. ಫಿಫ್ತ್ ವೀಲ್‌ಗೆ ಹತ್ತಲು ಹೊರಗೆ ಮೆಟ್ಟಿಲು, ಮೂತಿಯ ಮೇಲಿನ ಮಲಗುವ ಕೋಣೆಗೆ ಒಳಗೆ ಮತ್ತೆ ಮೆಟ್ಟಿಲು. ಬಚ್ಚಲೂ ಸಾಮಾನ್ಯವಾಗಿ ಮೇಲೆಯೇ. ಮಂಡಿ ನೋವಿರುವವರು ರಾತ್ರಿ ಎದ್ದು ಅದನ್ನು ಹತ್ತಿಳಿಯಬೇಕು. ನಾವು ಹಿಂಬದಿಯಲ್ಲಿ, ಕೆಳಗಿನ ನೆಲದಲ್ಲೇ ಇನ್ನೊಂದು ಕೋಣೆ ಮತ್ತು ಬಚ್ಚಲಿರುವ ವಿನ್ಯಾಸ ಹುಡುಕಿ ತಂದದ್ದು ಇದಕ್ಕೇ. ಕೊಳ್ಳುವ ಮುಂಚೆ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ ಹತ್ತಿಸಿ, ಇಳಿಸಿ ನೋಡಿ.

ಕಳೆದುಕೊಳ್ಳುವುದೂ ಇದೆ. ಟ್ರಕ್ಕಿನ ತೊಟ್ಟಿ ಹೋಯಿತು. ಸೈಕಲ್ಲಿಗೆ ಬೇರೆ ಜಾಗ ಹುಡುಕಬೇಕು. ಯೂಟಾದ ಜಯಾನ್ ರಾಷ್ಟ್ರೀಯ ಉದ್ಯಾನದಲ್ಲಿ 1930ರಲ್ಲಿ ತೆರೆದ ಸುರಂಗಕ್ಕೆ, ನಮ್ಮದರಷ್ಟು ದೊಡ್ಡ ಜೋಡಿಗೆ ಪ್ರವೇಶವಿಲ್ಲ. ನಾವು ಕನ್ಯಾಬ್ ಮೇಲೆ ಸುತ್ತಿ, ಹರಿಕೇನ್ ಎಂಬ ಊರಿನ ಕಡೆಯಿಂದ ಒಳಗೆ ಹೋದೆವು. ಮೊಂಟಾನಾದ ಗ್ಲೇಸಿಯರ್ ಉದ್ಯಾನದ ಗೋಯಿಂಗ್ ಟು ದ ಸನ್ ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ ಗಾಡಿ ಹೋಗುವಂತಿಲ್ಲ. ಟ್ರೇಲರ್ ಬಿಟ್ಟು ಟ್ರಕ್ಕಿನಲ್ಲಿ ಹೋಗೋಣವೆಂದರೂ, ನಾಲ್ಕು ಬಾಗಿಲಿನ, 8 ಅಡಿ ತೊಟ್ಟಿಯ ಒಂದು ಟನ್ನಿನ ಟ್ರಕ್ಕೇ ಸುಮಾರು 22 ಅಡಿ ಇರುತ್ತದೆ! ಟ್ರಕ್ಕು ಆರಿಸುವಾಗ ಇಂಥದ್ದನ್ನೂ ನೋಡಬೇಕು. ಹಳೆಯ ಕಾಡಿನ ಕ್ಯಾಂಪ್‌ಗ್ರೌಂಡುಗಳ ಚಿಕ್ಕ ಜಾಗಗಳೂ ಇನ್ನು ನಮ್ಮವಲ್ಲ. ಅಂಥ ಜಾಗಗಳನ್ನೇ ಪ್ರೀತಿಸುವವರು, ವಾರಾಂತ್ಯಕ್ಕಷ್ಟೇ ಹೋಗುವವರು ಇರುವ ಟ್ರಾವೆಲ್ ಟ್ರೇಲರನ್ನೇ ಚೆನ್ನಾಗಿ ನೋಡಿಕೊಳ್ಳಲಿ. ಒಂದೇ ಕಡೆ ವಾರಗಟ್ಟಲೆ ಇರುವವರಿಗೆ, ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಫಿಫ್ತ್ ವೀಲ್ ನಿಜವಾಗಿ ಸಲ್ಲುತ್ತದೆ.

ಕೊನೆಯದಾಗಿ, ನಾನು ಹಟ ಹಿಡಿದು ಹೇಳುವ ಮಾತೊಂದಿದೆ: ಈ ಗಾಡಿಯ ಕೆಲಸ ಮನೆಯ ಇಬ್ಬರಿಗೂ ಬರಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಗಂಡಸರು ಓಡಿಸುತ್ತಾರೆ, ಹೆಂಗಸರು ಹಿಂದೆ ನಿಂತು ಕೈ ಬೀಸುತ್ತಾರೆ. ನಾವು ಹಾಗೆ ಮಾಡಲಿಲ್ಲ. ಖಾಲಿ ಮೈದಾನವೊಂದರಲ್ಲಿ ಇಬ್ಬರೂ ಸರದಿಯ ಮೇಲೆ ಜೋಡಿಸಿ, ಕಳಚಿ, ಹಿಂದೆ ಮುಂದೆ ಓಡಿಸಿ ಕಲಿತೆವು. ಫಿಫ್ತ್ ವೀಲ್ ರಿವರ್ಸ್‌ನಲ್ಲಿ ನಿಧಾನವಾಗಿ ತಿರುಗಲು ಶುರು ಮಾಡುತ್ತದೆ, ಆಮೇಲೆ ಬೇಗ ಮಡಚಿಕೊಳ್ಳುತ್ತದೆ. ಅದರ ಹದ ಕೈಗೆ ಹತ್ತುವವರೆಗೆ ಮೈದಾನ ಬಿಡಲಿಲ್ಲ. ಆಸ್ಪತ್ರೆ ನೂರು ಮೈಲಿ ದೂರವಿರುವ ಮರುಭೂಮಿಯಲ್ಲಿ ಓಡಿಸುವವರಿಗೆ ಜ್ವರ ಬಂದರೆ, ಅಪ್ಪ ಅಮ್ಮನನ್ನೂ ಈ ಮನೆಯನ್ನೂ ಸುರಕ್ಷಿತವಾಗಿ ವಾಪಸು ತರುವ ಇನ್ನೊಬ್ಬರು ಪಕ್ಕದ ಸೀಟಿನಲ್ಲಿ ಇರಲೇಬೇಕು. ಆ ಕಲಿಕೆಗೆ ಸಮಯ ಕೊಡಲು ಇಬ್ಬರೂ ಒಪ್ಪಿದರೆ ಧೈರ್ಯವಾಗಿ ಬದಲಿಸಿ. ಒಬ್ಬರೇ ಒಪ್ಪಿದ್ದರೆ ಇನ್ನೊಂದು ವರ್ಷ ಕಾಯಿರಿ.