ಬರಿಗೈಯಲ್ಲೇ ಬನ್ನಿ

ಲವೊದಿಕೀಯ ಪಟ್ಟಣಕ್ಕೆ ಯಾರ ಹಂಗೂ ಇರಲಿಲ್ಲ. ಕ್ರಿ.ಶ. 60ರ ಭೂಕಂಪದಲ್ಲಿ ನೆಲಕಚ್ಚಿದ ಆ ಊರು ರೋಮಿನ ನೆರವಿಲ್ಲದೆ, ಸ್ವಂತ ಬಲದಿಂದಲೇ ಎದ್ದು ನಿಂತಿತೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಊರಿನ ಆ ಸ್ವಭಾವ ಅಲ್ಲಿನ ಕ್ರೈಸ್ತ ಸಭೆಯೊಳಕ್ಕೂ ನುಸುಳಿತೇನೋ. ತಮಗೇನೂ ಕೊರತೆಯಿಲ್ಲ ಎಂದುಕೊಂಡಿದ್ದ ಅಲ್ಲಿನ ವಿಶ್ವಾಸಿಗಳನ್ನೇ ಪ್ರಕಟನೆ ಗ್ರಂಥದ 3ನೇ ಅಧ್ಯಾಯ ಬಡವರು, ಕುರುಡರು, ಬಟ್ಟೆಯಿಲ್ಲದವರು ಎನ್ನುತ್ತದೆ. ಮಾತು ಕಠಿಣ. ಆದರೆ ಅದೇ ಅಧ್ಯಾಯದಲ್ಲಿ ಕ್ರಿಸ್ತನು ಬಾಗಿಲಲ್ಲಿ ನಿಂತು ತಟ್ಟುತ್ತಿದ್ದಾನೆ, ಒಳಗೆ ಬಂದು ಜೊತೆಗೆ ಊಟಕ್ಕೆ ಕೂರಲು. ನನ್ನ ಮನಸ್ಸು ಕರಗುವುದು ಅಲ್ಲಿಯೇ.

ಆ ಬಾಗಿಲು ತೆರೆಯಲು ಮೊದಲು ನಮ್ಮ ಬಡತನವನ್ನು ಒಪ್ಪಿಕೊಳ್ಳಬೇಕು. ಬೆಟ್ಟದ ಪ್ರಸಂಗದಲ್ಲಿ ಯೇಸು ಮೊದಲು ಧನ್ಯರೆಂದದ್ದು ಆತ್ಮದಲ್ಲಿ ಬಡವರಾದವರನ್ನು. ಅಲ್ಲಿರುವ ಗ್ರೀಕ್ ಪದ 'ಪ್ತೋಖೋಸ್'. ಕೂಲಿ ಮಾಡಿ ಹೇಗೋ ದಿನ ದೂಡುವ ಬಡವನಿಗೆ ಬೇರೆ ಪದವಿತ್ತು; ಇದು ಕೈಚಾಚದೆ ಬದುಕಲಾಗದ ಭಿಕ್ಷುಕನಿಗೆ.

ಹಾಗೆಂದು ತನ್ನನ್ನು ತಾನು ಹೀಗಳೆಯುವುದೇ ದೀನತೆ ಎಂದು ತಿಳಿಯಬೇಡಿ. ನಾನು ಯಾತಕ್ಕೂ ಬಾರದವನು ಎಂದು ಹತ್ತು ಜನರೆದುರು ಹೇಳುವುದರಲ್ಲೂ ಗರ್ವ ಅಡಗಿ ಕೂರಬಹುದು. ಲೂಕನ ಸುವಾರ್ತೆಯಲ್ಲಿ ಪ್ರಾರ್ಥನೆಗೆ ಬಂದ ಸುಂಕದವನು ದೂರ ನಿಂತು, ಎದೆ ಬಡಿದುಕೊಂಡು, ಕರುಣೆಯನ್ನಷ್ಟೇ ಬೇಡಿದ. ಸಭೆಯಲ್ಲಿ ವರ್ಷಗಟ್ಟಲೆ ಹಾಡಿದವರಿಗೆ, ಬೋಧಿಸಿದವರಿಗೆ ಈ ಪ್ರಾರ್ಥನೆ ಕಷ್ಟ. ಅವರಿಗೇ ಇದು ಹೆಚ್ಚು ಬೇಕು.

ಇಂದು ರಾತ್ರಿ ಮಲಗುವ ಮುನ್ನ, ಎಲ್ಲಿ ಸೋತಿರಿ, ಯಾರನ್ನು ನೋಯಿಸಿದಿರಿ ಎಂಬುದನ್ನು ಮರೆಮಾಚದೆ ದೇವರಿಗೆ ಹೇಳಿ. ಬೆಳಿಗ್ಗೆ ಎದ್ದು, ನೋವುಂಡವರ ಬಳಿಗೂ ಹೋಗಿ.